ಚಿತ್ರದಾಚೆ ಉಳಿದ ಹೊಳೆ

ಆಗ ನನಗೆ ಅರವತ್ತೊಂಬತ್ತು. ಈಗ್ಗೆ ಐದು ವರ್ಷದ ಮಾತು. ವಯಸ್ಸು ಅಂದಾಜಿನದು, ನಾನು ಹುಟ್ಟಿದ ದಿನವನ್ನು ಯಾರೂ ಬರೆದಿಟ್ಟಿಲ್ಲ. ನನಗೆ ಬರುವ ಓದು ಬಸ್ಸಿನ ಬೋರ್ಡು ಓದುವಷ್ಟು. ಬರಹ ಅದಕ್ಕಿಂತ ಕಡಿಮೆ. ಅಷ್ಟರಲ್ಲೇ ಬರೆಯುತ್ತಿದ್ದೇನೆ.

ರಾಯಚೂರಿನಲ್ಲಿ ಮಗ ಸೊಸೆಯ ಜೊತೆ ಇದ್ದೆ, ಈಗಲೂ ಇದ್ದೇನೆ. ಮಗ ಲಾರಿ ಓಡಿಸುತ್ತಾನೆ, ಮನೆಯಲ್ಲಿ ಇರುವುದೇ ಕಡಿಮೆ. ಸೊಸೆ ಮಾನ್ವಿ ಕಡೆಯವಳು. ಅವಳ ತಾಯಿಯೂ ನಾನೂ ಒಂದೇ ಹೊಲದಲ್ಲಿ ಹತ್ತಿ ಬಿಡಿಸಿದವರು. ಇವಳು ಮಾತ್ರ ಹೊಲಕ್ಕೆ ಇಳಿಯಲಿಲ್ಲ, ಓದಿ ಇಂಜಿನಿಯರ್ ಆದಳು. ಹೊಳೆಯ ನೀರಿನ ಲೆಕ್ಕ ನೋಡುವ ಒಂದು ಸಣ್ಣ ಕಚೇರಿಯಲ್ಲಿ ಅವಳಿಗೆ ಕೆಲಸ. ಮಳೆಗಾಲದಲ್ಲಿ ಆ ಕೆಲಸ ಮನೆಗೂ ಬರುತ್ತಿತ್ತು. ಬೆಳಿಗ್ಗೆ ನಾನು ರೊಟ್ಟಿ ಬಡಿಯುವಾಗ ಅವಳು ಅಡುಗೆಮನೆಯ ಹೊಸ್ತಿಲ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತಿದ್ದಳು. ಪ್ಲಗ್ಗು ಅಲ್ಲೇ ಇತ್ತು.

ಕೃಷ್ಣಾ ಹೊಳೆ ಮೇಲಿನ ಸೀಮೆಯಲ್ಲಿ ಮಳೆ ಎಷ್ಟು, ಡ್ಯಾಮಿಗೆ ನೀರು ಎಷ್ಟು ಬಂತು, ಎಷ್ಟು ಬಿಡುತ್ತಾರೆ ಎಂಬ ಅಂಕಿಗಳು ಅವಳಿಗೆ ಬರುತ್ತಿದ್ದವು. ಅದನ್ನು ಒಂದು ಪ್ರೋಗ್ರಾಮಿಗೆ ಕೊಡುತ್ತಿದ್ದಳು. ಆ ಪ್ರೋಗ್ರಾಂ ಬರೆದ ಭಾಷೆಯ ಹೆಸರು ಫೋರ್ಟ್ರಾನ್. ಬಹಳ ಹಳೆಯದಂತೆ, ನನಗಿಂತ ಒಂದಿಷ್ಟು ಚಿಕ್ಕದು. ಅವಳಿಗೆ ಕಲಿಸಿದ ಮಾಸ್ತರರು ಬರೆದದ್ದು. ಅದು ಒಂದೊಂದು ಊರ ಮುಂದೆ ನೀರು ಯಾವಾಗ ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಿ ಅಂಕಿಗಳನ್ನು ಒಂದು ಫೈಲಿನಲ್ಲಿ ಬರೆದಿಡುತ್ತಿತ್ತು. ಲೆಕ್ಕ ಬಿಟ್ಟರೆ ಅದಕ್ಕೆ ಬೇರೆ ಏನೂ ಬಾರದು. ಚಿತ್ರ ಬರೆಯುವುದು ಇನ್ನೊಂದು ಪ್ರೋಗ್ರಾಂ. ಅದಕ್ಕೆ ಲೆಕ್ಕ ಬಾರದು, ಫೈಲಿನಲ್ಲಿ ಇದ್ದದ್ದನ್ನು ನೋಡಿ ಗೆರೆ ಎಳೆಯುವುದಷ್ಟೇ ಗೊತ್ತು.

ಚಿತ್ರದಲ್ಲಿ ಎಡಗಡೆ ಕಳೆದ ದಿನ, ಬಲಗಡೆ ಬರುವ ದಿನ. ನೀಲಿ ಗೆರೆ ಹೊಳೆ. ಅಡ್ಡ ಎಳೆದ ಕೆಂಪು ಗೆರೆ ಅಪಾಯ. ನೀಲಿ ಕೆಂಪನ್ನು ಮುಟ್ಟುವ ಹಾಗಿದ್ದರೆ ಹೊಳೆ ದಾಟಬಾರದು. ಆ ಚಿತ್ರ ಹೊಳೆದಂಡೆಯ ಊರುಗಳ ಫೋನುಗಳಿಗೆ ಹೋಗುತ್ತಿತ್ತು. ಓದು ಬಾರದವರಿಗೂ ತಿಳಿಯುತ್ತಿತ್ತು.

ಮೊದಲ ವರ್ಷ ಅವಳು ಲೆಕ್ಕದ ಪ್ರೋಗ್ರಾಂ ಓಡಿಸಿ, ಅದು ಮುಗಿದ ಮೇಲೆ ಚಿತ್ರದ ಪ್ರೋಗ್ರಾಮನ್ನು ಕೈಯಿಂದ ಬೇರೆ ಓಡಿಸುತ್ತಿದ್ದಳು. ಒಂದೊಂದು ಊರಿಗೂ ಹಾಗೇ ಮಾಡಬೇಕು. ಅಷ್ಟರಲ್ಲಿ ರೊಟ್ಟಿ ತಣ್ಣಗಾಗುತ್ತಿತ್ತು, ಊರುಗಳಿಂದ ಫೋನು ಬರುತ್ತಿತ್ತು. ಮರುವರ್ಷ, ಅಂದರೆ ನಾನು ಹೇಳುತ್ತಿರುವ ವರ್ಷ, ಅವಳು ಒಂದು ಉಪಾಯ ಮಾಡಿದಳು. ಲೆಕ್ಕದ ಪ್ರೋಗ್ರಾಮಿನ ಒಳಗೇ ಒಂದು ಸಾಲು ಬರೆದಳು. ಆ ಸಾಲು ಬಂದಾಗ ಲೆಕ್ಕದ ಪ್ರೋಗ್ರಾಮೇ ಚಿತ್ರದ ಪ್ರೋಗ್ರಾಮನ್ನು ಕರೆದು ಬರೆಸಿಕೊಳ್ಳುತ್ತದೆ, ಇವಳು ಕೈ ಹಚ್ಚಬೇಕಿಲ್ಲ. ಹಳೆಯ ಒಂದು ಪ್ರವಾಹದ ಅಂಕಿ ಕೊಟ್ಟು ನೋಡಿದಳು. ಗುಡ್ಡದ ಹಾಗೆ ಏರಿ ಇಳಿದ ಚಿತ್ರ ಚಂದಕ್ಕೆ ಬಂತು. ಊರುಗಳೆಲ್ಲ ಒಂದೇ ಸಲಕ್ಕೆ ಮುಗಿದವು. ಅವತ್ತು ಅವಳು ಬಿಸಿ ರೊಟ್ಟಿ ತಿಂದಳು.

ನನ್ನ ತಂಗಿಯನ್ನು ದೇವದುರ್ಗದ ಆಚೆ ಹೊಳೆದಂಡೆಯ ಊರಿಗೆ ಕೊಟ್ಟಿತ್ತು. ಗಂಡ ಸತ್ತ ಮೇಲೆ ಕುರಿ ಹಿಂಡು ಅವಳದೇ. ಮಳೆಗಾಲ ಬಂತೆಂದರೆ ದಂಡೆಯ ಹೊಲಗಳೆಲ್ಲ ಬಿತ್ತಿರುತ್ತಾರೆ, ಕುರಿ ಬಿಡಲು ಜಾಗ ಇರುವುದಿಲ್ಲ. ಅದಕ್ಕೆ ಬೆಳಿಗ್ಗೆ ಹೊಳೆಯಿಂದ ಕವಲೊಡೆದ ಮೊಣಕಾಲು ನೀರಿನ ಸೀಳುಹೊಳೆ ದಾಟಿಸಿ ನಡುಗಡ್ಡೆಗೆ ಹೊಡೆದುಕೊಂಡು ಹೋಗುವುದು, ಸಂಜೆ ತಿರುಗಿ ತರುವುದು. ಪಂಚಾಯ್ತಿಯವರು ಮೈಕಿನಲ್ಲಿ ಹೊಳೆಗೆ ಇಳಿಯಬೇಡಿ ಎಂದು ಮಳೆಗಾಲ ಪೂರ್ತಿ ಕೂಗಿಸುತ್ತಿದ್ದರು. ದಿನಾ ಕೂಗಿದ್ದನ್ನು ಯಾರು ಕೇಳುತ್ತಾರೆ. ಚಿತ್ರ ಬಂದ ಮೇಲೆ ಎಲ್ಲರೂ ಅದನ್ನೇ ನೋಡುತ್ತಿದ್ದರು.

ತಂಗಿ ನನಗೆ ಫೋನು ಮಾಡುತ್ತಿದ್ದಳು.

"ಯಕ್ಕಾ, ನಿನ್ನ ಸೊಸಿ ಹೊಳಿ ಚಿತ್ರ ಬಂತು ನೋಡಬೇ. ನಮ್ಮ ಊರಾಗ ಹಲ್ಲು ತಿಕ್ಕಾಕಿಂತ ಮೊದ್ಲ ಅದನ್ನ ನೋಡ್ತಾರ."

"ನೀ ತಿಕ್ಕಿದಿಯೋ ಇಲ್ಲೋ?"

"ನನಗ ಹಲ್ಲು ಎಲ್ಲ್ಯಾವ ತಿಕ್ಕಾಕ."

ಹೊಸ ಉಪಾಯ ಶುರುವಾದ ಮೇಲೆ ಕೆಲವು ದಿನ ಹೊಳೆ ಸುಮ್ಮನೆ ಇತ್ತು. ಚಿತ್ರವೂ ಸುಮ್ಮನೆ ಇತ್ತು.

ಆ ದಿನ ರಾಯಚೂರಿನಲ್ಲಿ ಚುರುಚುರು ಬಿಸಿಲು. ಮೋಡದ ಒಂದು ತುಣುಕಿಲ್ಲ. ಕೃಷ್ಣೆಗೆ ಹೆದರಬೇಕಾದದ್ದು ಇದಕ್ಕೇ. ಮಳೆ ಎಲ್ಲೋ ಬಿದ್ದಿರುತ್ತದೆ, ಇಲ್ಲಿ ಬಟ್ಟೆ ಒಣಗುತ್ತಿರುತ್ತವೆ, ನೀರು ಬರುತ್ತಿರುತ್ತದೆ. ಚಿತ್ರ ಹೋಗಿ ಸ್ವಲ್ಪ ಹೊತ್ತಿಗೆ ತಂಗಿಯ ಫೋನು ಬಂತು. ಅವತ್ತು ಅವಳ ದನಿಯಲ್ಲಿ ಹುಡುಗಾಟ ಇರಲಿಲ್ಲ.

"ಯಕ್ಕಾ, ಹೊಳಿ ಸಪ್ಪಳ ನಿಂತದ."

"ನಿಂತ್ರ ಚಲೋ ಆತಲ್ಲ."

"ಎಲ್ಲಿ ಚಲೋ. ನೀರು ಕಲ್ಲಿನ ಮ್ಯಾಲೆ ಹರಿದ್ರ ಸಪ್ಪಳ. ಕಲ್ಲು ಮುಳುಗಿದ್ರ ಸಪ್ಪಳಿಲ್ಲ. ಆದ್ರ ಚಿತ್ರದಾಗ ನೀಲಿ ಗೆರಿ ಕೆಂಪಿನ ಕೆಳಗ ಹಾವು ಮಲಗಿದಂಗ ಮಲಗ್ಯಾದ. ಕುರಿ ಹೊಡೀಲೋ ಬ್ಯಾಡೋ? ಸೊಸಿನ್ನ ಕೇಳು."

ಕೇಳಿದೆ. ಸೊಸೆ ಚಿತ್ರ ತೆಗೆದು ನೋಡಿದಳು. ನನಗೂ ತೋರಿಸಿದಳು. ಗೆರೆ ಈ ತುದಿಯಿಂದ ಆ ತುದಿಗೆ ಇತ್ತು, ಕೆಂಪಿನಿಂದ ದೂರ.

"ನಿನ್ನಿಗಿಂತ ಒಂಚೂರು ಏರ್ಯಾದ ಅತ್ತಿ, ಅಷ್ಟ. ಎರಡು ದಿನ ಏನೂ ಕಾಣಂಗಿಲ್ಲ. ಹೋಗಿ ಬರ್ರಿ ಅಂತ ಹೇಳ್ರಿ ಸಣ್ಣತ್ತಿಗೆ."

ಹೇಳಿದೆ. ತಂಗಿ ಹೋದಳು.

ಮಧ್ಯಾಹ್ನದ ಹೊತ್ತಿಗೆ ಸೊಸೆಗೆ ಕಚೇರಿಯಿಂದ ಫೋನು ಬಂತು. ಗೋಡೆಗೆ ಅಂಟಿಸಲು ಅದೇ ಚಿತ್ರ ದೊಡ್ಡದು ಬೇಕಂತೆ. ಒಂದೇ ಚಿತ್ರ ತಾನೇ ಎಂದು ಅವಳು ಹೋದ ವರ್ಷದ ರೂಢಿಯಲ್ಲಿ ಕೈಯಿಂದಲೇ ಬರೆಸಿದಳು. ನಾನು ಅಕ್ಕಿ ಆರಿಸುತ್ತಿದ್ದೆ. ಅವಳ ಕೈ ನಿಂತದ್ದು ಕಂಡಿತು. ಬೆಳಗಿನ ಚಿತ್ರವನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟಿದ್ದಳು. ಅದೇ ಊರು, ಅದೇ ಫೈಲು. ಬೆಳಗಿನದರಲ್ಲಿ ಮಲಗಿದ್ದ ಗೆರೆ ಈಗಿನದರಲ್ಲೂ ಎಡಗಡೆ ಹಾಗೇ ಮಲಗಿತ್ತು. ಬಲಗಡೆ ಮಾತ್ರ ಅದು ಎದ್ದು ನಿಂತಿತ್ತು. ಕೆಂಪು ಗೆರೆಯನ್ನು ಹಾದು ಮೇಲಕ್ಕೆ ಹೋಗಿತ್ತು.

"ಯಾವುದು ಖರೇದು?" ಎಂದೆ.

ಅವಳು ಪ್ರೋಗ್ರಾಮಿನಲ್ಲಿ ಬರೆದ ಸಾಲುಗಳನ್ನು ಒಂದೊಂದೇ ಕೆಳಗಿನಿಂದ ಮೇಲಕ್ಕೆ ಓದಿದಳು. ಆಮೇಲೆ ಬಾಯಿಗೆ ಸೆರಗು ಹಿಡಿದಳು.

"ಅತ್ತಿ, ನೀವು ಹತ್ತಿ ಬಿಡಿಸುವಾಗ ಒಂದೊಂದ ಕಾಯಿ ಬಿಡಿಸಿ ರಾಶಿಗೆ ಹಾಕಾಕ ಹೋಗ್ತಿದ್ರೇನು?"

"ಹುಚ್ಚಿ ಏನು ನೀ. ಉಡಿ ತುಂಬಿದ ಮ್ಯಾಲ ಹೋಗಿ ಸುರೂತಿದ್ವಿ."

"ಇದೂ ಹಂಗ ಮಾಡ್ತದ. ಅಂಕಿ ಬರೆದಂಗೆಲ್ಲ ಫೈಲಿಗೆ ಹಾಕಂಗಿಲ್ಲ, ಉಡಿಯಾಗ ಇಟ್ಕೊಂತದ. ತುಂಬಿದಾಗ ಸುರೀತದ. ಕಡೀಗೆ ಫೈಲು ಮುಚ್ಚು ಅಂತ ನಾ ಹೇಳಿದಾಗ ಉಳಿದದ್ದು ಸುರೀತದ. ನಾ ಮುಚ್ಚು ಅನ್ನೂ ಸಾಲು ಕೆಳಗ ಬರದೀನಿ, ಚಿತ್ರದವನ್ನ ಕರಿ ಅನ್ನೂ ಸಾಲು ಅದರ ಮ್ಯಾಲ ಬರದೀನಿ. ಉಡಿಯಾಗಿಂದು ಸುರಿಯೂ ಮೊದ್ಲ ಕರದದ. ಅದು ರಾಶಿಯಾಗ ಇದ್ದಷ್ಟಕ್ಕ ಚಿತ್ರ ಬರೀತು."

"ಉಡಿಯಾಗ ಏನಿತ್ತು?"

"ಇವತ್ತು ಮಧ್ಯಾಹ್ನದ ಮುಂದಿಂದು. ಎಲ್ಲಾ."

ಹಳೆಯ ಪ್ರವಾಹದ ಅಂಕಿ ಕೊಟ್ಟಾಗಲೂ ಕೊನೆಯ ತುಂಡು ಬಿಟ್ಟೇ ಹೋಗಿತ್ತು. ಆ ತುಂಡು ನೀರು ಇಳಿದ ಮೇಲಿನ ದಿನಗಳದ್ದು, ಇಲ್ಲದಿದ್ದರೂ ಯಾರಿಗೂ ತಿಳಿಯಲಿಲ್ಲ. ಚಿತ್ರದ ಪ್ರೋಗ್ರಾಂ ಸಿಕ್ಕಷ್ಟನ್ನೇ ಎಳೆದು ಅಗಲಕ್ಕೆ ಹರಡುತ್ತದೆ, ಖಾಲಿ ಜಾಗ ಬಿಡುವುದಿಲ್ಲ. ಕೆಳಗೆ ಇರುವೆಯಂಥ ಅಕ್ಷರದಲ್ಲಿ ತಾರೀಖು ಇರುತ್ತಿತ್ತು. ಅದನ್ನು ಅವಳೂ ನೋಡಲಿಲ್ಲ, ಊರವರೂ ನೋಡಲಿಲ್ಲ. ಎಲ್ಲರೂ ನಾಳೆ ಎಂದು ನೋಡಿದ್ದು ಇವತ್ತಿನ ಬೆಳಗನ್ನು.

ಅವಳು ಆ ಎರಡು ಸಾಲನ್ನು ಅದಲುಬದಲು ಮಾಡಿದಳು. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತೂ ಆಗಲಿಲ್ಲ. ಹೊಸ ಚಿತ್ರಗಳು ಎಲ್ಲಾ ಊರಿಗೆ ಹೋದವು. ಬೇರೆ ಊರುಗಳಿಂದ ನೋಡಿದ್ದೇವೆ, ಜನ ದನ ಮೇಲಕ್ಕೆ ಬಂದಿವೆ ಎಂದು ಒಂದೊಂದಾಗಿ ತಿಳಿಯಿತು. ತಂಗಿಯ ಫೋನು ಮಾತ್ರ ಸತ್ತಿತ್ತು. ನಡುಗಡ್ಡೆಯಲ್ಲಿ ಅವಳ ಫೋನಿನ ಚಾರ್ಜು ಯಾವಾಗಲೂ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು.

ಆ ಊರಿನ ಹರಗೋಲಿನವನಿಗೂ ಚಿತ್ರ ಹೋಗುತ್ತಿತ್ತು. ಸೊಸೆ ಅವನಿಗೆ ಫೋನು ಮಾಡಿದಳು. ಅವನು ದಂಡೆಗೆ ಹೋಗಿ ನೋಡಿ ತಿರುಗಿ ಮಾಡಿದ.

"ಸೀಳುಹೊಳಿ ತುಂಬ್ಯಾದ್ರೀ ಮೇಡಂ. ಅಕಿ ಕುರಿ ಕಟ್ಕೊಂಡು ನಡುಗಡ್ಡಿ ದಿಬ್ಬದ ಮ್ಯಾಲ ಅದಾಳ. ಸೆಳವು ಭಾಳ ಅದ, ಹರಗೋಲು ಹಾಕಾಕ ಬರಂಗಿಲ್ಲ. ಆ ದಿಬ್ಬ ಎಂದೂ ಮುಳುಗಿಲ್ಲ. ಮುಂಜಾನಿ ನೋಡೂನಂತ."

ಹೊಸ ಚಿತ್ರದ ಪ್ರಕಾರ ಮುಂಜಾನೆಗೆ ದಿಬ್ಬ ಇರಬಾರದು. ಸೊಸೆ ಅದನ್ನು ಹೇಳಿದಳು. ಅವನು ಅತ್ತ ಫೋನು ಇಟ್ಟ.

"ಹೋಗೋಣ ನಡೀರಿ ಅತ್ತಿ," ಎಂದಳು. ಅಕ್ಕಿ ಮೊರದಲ್ಲೇ ಬಿಟ್ಟೆ.

ನಾವು ಹತ್ತಿದ ದೇವದುರ್ಗದ ಬಸ್ಸು ನಡುದಾರಿಯ ಗಬ್ಬೂರಿನಲ್ಲಿ ನಿಂತಿತು. ಡ್ರೈವರ್ ಇಳಿದು ಚಹಾ ಕುಡಿದ, ಕಂಡಕ್ಟರ್ ಜೊತೆ ನಗುತ್ತಾ ನಿಂತ. ಅವರಿಗೇನು ಗೊತ್ತು. ಹೊಲದಲ್ಲಿ ಹತ್ತಿ ಗಿಡ ಮೊಣಕಾಲೆತ್ತರ ಇತ್ತು, ಮಣ್ಣು ಬಿರಿದಿತ್ತು. ಬಸ್ಸಿನಲ್ಲಿ ಒಬ್ಬಳು ಮಳೆ ಹೋಯಿತಲ್ಲ ಎಂದು ಪಕ್ಕದವಳ ಹತ್ತಿರ ಗೋಳಾಡುತ್ತಿದ್ದಳು. ಸೊಸೆ ಮಡಿಲಲ್ಲಿ ಲ್ಯಾಪ್‌ಟಾಪಿನ ಚೀಲ ಇಟ್ಟುಕೊಂಡು ಅದರ ಪಟ್ಟಿಯನ್ನು ಕೈಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಏನರ ಅನ್ರಿ ಅತ್ತಿ. ಬೈಯ್ರಿ."

"ಬೈದ್ರ ನೀರು ಇಳೀತದೇನು. ಸುಮ್ನ ಕೂಡು."

ದೇವದುರ್ಗದಲ್ಲಿ ಇಳಿದು ಟಂಟಂ ಆಟೋ ಹಿಡಿದೆವು. ಊರು ಮುಟ್ಟಿದಾಗ ಹೊತ್ತು ಇಳಿದಿತ್ತು, ಬೆಳಕು ಇತ್ತು.

ದಂಡೆಯಲ್ಲಿ ಊರಿಗೆ ಊರೇ ನಿಂತಿತ್ತು. ತಂಗಿ ಹೇಳಿದ್ದು ಖರೆ, ಹೊಳೆಗೆ ಸಪ್ಪಳವೇ ಇರಲಿಲ್ಲ. ಕೆಂಪು ನೀರು ಎಣ್ಣೆಯ ಹಾಗೆ ದಪ್ಪಕ್ಕೆ ಸರಿಯುತ್ತಿತ್ತು. ಬೇರು ಸಮೇತ ಕಿತ್ತ ಒಂದು ಗಿಡ ನೆಟ್ಟಗೆ ನಿಂತುಕೊಂಡೇ ನಮ್ಮ ಮುಂದೆ ಹಾದು ಹೋಯಿತು. ಆಚೆ ದಿಬ್ಬದ ಮೇಲೆ ಕುರಿಗಳು ಒತ್ತಾಗಿ ನಿಂತಿದ್ದವು. ನಡುವೆ ತಂಗಿಯ ಹಸಿರು ಸೀರೆ ಕಾಣುತ್ತಿತ್ತು.

ಹರಗೋಲಿನವನು ದಂಡೆಯ ಮೇಲೆ ಬೋರಲು ಹಾಕಿದ ತನ್ನ ಹರಗೋಲಿನ ಮೇಲೆ ಕೂತಿದ್ದ. ಸೊಸೆ ಅವನಿಗೆ ಫೋನಿನಲ್ಲಿ ಹೊಸ ಚಿತ್ರ ತೋರಿಸಿದಳು.

"ನೋಡಣ್ಣ, ಇದು ದಿಬ್ಬದ ಎತ್ತರ. ಇದು ನೀರು. ಬೆಳಗಾಗೂದರೊಳಗ ದಾಟತದ."

ಅವನು ಚಿತ್ರ ನೋಡಲಿಲ್ಲ. ಅವಳ ಮುಖ ನೋಡಿದ.

"ಮುಂಜಾನಿ ಚಿತ್ರಾನೂ ನಿಮ್ಮದ ಅಲ್ರೀ ಮೇಡಂ?"

"ಹೌದು."

"ಅದನ್ನ ನೋಡಿ ಅಕಿ ಆಕಡಿ ಹೋದ್ಲು. ನಾ ಅದನ್ನ ನೋಡಿ ಹರಗೋಲು ಮ್ಯಾಲ ಹಾಕಿ ಉಂಡು ಮಕ್ಕೊಂಡೆ. ಈಗ ಇದನ್ನ ನೋಡಿ ನಾ ನೀರಿಗೆ ಬೀಳ್ಬೇಕೇನು?"

ಸೊಸೆ ಫೈಲು, ಸಾಲು ಎಂದು ಹೇಳಲು ಶುರು ಮಾಡಿದಳು. ಸುತ್ತ ನಿಂತವರು ನೆಲ ನೋಡಿದರು. ಅವಳ ಮಾತು ಅರ್ಧಕ್ಕೇ ನಿಂತಿತು. ಎರಡು ಚಿತ್ರ ಕಳಿಸಿದವಳ ಮೂರನೆಯ ಮಾತನ್ನು ಯಾರು ನಂಬುತ್ತಾರೆ. ನಾನಾದರೂ ನಂಬುತ್ತಿರಲಿಲ್ಲ. ಆದರೆ ದಿಬ್ಬದ ಬುಡದಲ್ಲಿ ನಾವು ಬಂದಾಗ ಕಾಣುತ್ತಿದ್ದ ಬಂಡೆ ಈಗ ಕಾಣುತ್ತಿರಲಿಲ್ಲ.

ಸೊಸೆ ಚೀಲ ಕೆಳಗಿಟ್ಟಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸಿದಳು.

"ಸುಳ್ಳಾದ್ರ ನಾನೂ ನಿನ್ನ ಕೂಡ ಮುಳುಗ್ತೀನಿ. ನಡಿ, ನಾನೂ ಹರಗೋಲಿನಾಗ ಬರ್ತೀನಿ."

"ನೀವು ಬಂದ್ರ ಭಾರ ಹೆಚ್ಚ, ಕೆಲಸ ಏನದ," ಎಂದ ಅವನು. ಆದರೆ ಎದ್ದ. ಎದ್ದು ದಿಬ್ಬದ ಕಡೆ ಬಹಳ ಹೊತ್ತು ನೋಡಿದ. "ಈಗ ಹೋದ್ರ ಹೋದಂಗ. ಹೆಣ್ಣುಮಗಳನ್ನ ತರ್ತೀನಿ. ಕುರಿ ಮಾತು ಎತ್ತಬ್ಯಾಡ್ರಿ."

ಅವನು ದಂಡೆಗುಂಟ ಹರಗೋಲು ಹೊತ್ತು ಮೇಲಕ್ಕೆ ದೂರ ಹೋಗಿ ನೀರಿಗೆ ಬಿಟ್ಟ. ಸೆಳವು ಅವನನ್ನು ಬುಗುರಿಯ ಹಾಗೆ ತಿರುಗಿಸುತ್ತಾ ಕೆಳಗೆ ತಂದಿತು. ದಿಬ್ಬದ ಬಾಲಕ್ಕೆ ಹೋಗಿ ಹತ್ತಿದ. ಹತ್ತಿದ ಮೇಲೆ ಇಬ್ಬರೂ ಕೈ ಮಾಡಿ ಜಗಳವಾಡುವುದು ಕಂಡಿತು. ತಂಗಿ ಕೂತುಬಿಟ್ಟಳು. ಕುರಿ ಬಿಟ್ಟು ಬರುವುದಿಲ್ಲ ಎಂದು ಕೂತದ್ದು. ಬಾಯಿಗೆ ಕೈ ಅಡ್ಡ ಹಿಡಿದು ನಾನು ಒದರಿದೆ.

"ಲೇ, ಏಳಬೇ. ಕುರಿ ಸತ್ರ ಕುರಿ ಸಿಗ್ತಾವ. ನೀ ಸತ್ರ ನಾ ಇಲ್ಲಿ ಅಳಾಕ ಬಂದಿಲ್ಲ."

ಕೇಳಿತೋ ಇಲ್ಲವೋ. ಆಮೇಲೆ ಅವಳು ಎದ್ದು ಹಿಂಡಿನ ದೊಡ್ಡ ಟಗರಿನ ಕೊರಳಿಗೆ ಹಗ್ಗ ಕಟ್ಟಿದಳು, ಹಗ್ಗದ ತುದಿ ಹಿಡಿದು ಹರಗೋಲಿನಲ್ಲಿ ಕೂತಳು. ಟಗರು ಹೋದಲ್ಲಿ ಹಿಂಡು ಹೋಗುತ್ತದೆ, ಕುರಿಯ ಬುದ್ಧಿ ಅಷ್ಟೇ. ಹರಗೋಲು ನೀರಿಗೆ ಇಳಿಯಿತು, ಟಗರು ಇಳಿಯಿತು, ಹಿಂದೆ ಹಿಂಡು ಇಳಿಯಿತು. ಸ್ವಲ್ಪ ದೂರದವರೆಗೆ ತಲೆಗಳು ಸಾಲಾಗಿ ಬಂದವು. ನಡುಹೊಳೆಯಲ್ಲಿ ಸಾಲು ಬಾಗಿತು. ಬಾಗಿದ್ದು ಹರಿಯಿತು. ಹಿಂದಿನವು ಮುಂದಿನದನ್ನು ಬಿಟ್ಟು ನೀರಿನ ಹಿಂದೆ ಹೋದವು. ಒಂದೂ ಕೂಗಲಿಲ್ಲ.

ಹರಗೋಲು ಕೆಳಗೆ ಬಹಳ ದೂರದಲ್ಲಿ ದಂಡೆ ಹಿಡಿಯಿತು. ತಂಗಿ ಇಳಿದಳು. ಟಗರು ಬಂತು, ಅದರ ಬೆನ್ನಿಗೆ ಹಿಂಡಿನ ಅರ್ಧಕ್ಕಿಂತ ಕಡಿಮೆ ಬಂತು. ಹೊಟ್ಟೆಯಲ್ಲಿ ಮರಿ ಇದ್ದ ಕುರಿಗಳಲ್ಲಿ ಒಂದೂ ಬರಲಿಲ್ಲ. ಸೊಸೆ ಹೋಗಿ ಅವಳ ಮುಂದೆ ನಿಂತು, "ಸಣ್ಣತ್ತಿ, ತಪ್ಪು ನಂದು," ಎಂದಳು. ತಂಗಿ ಅವಳನ್ನು ನೋಡಿದಳು.

"ಹೊಳಿ ನನಗ ಮುಂಜಾನಿನ ಹೇಳಿತ್ತು. ನಾ ಅದರ ಮಾತು ಬಿಟ್ಟು ನಿನ್ನ ಮಾತು ಕೇಳಿದೆ," ಎಂದಳು. ಅಷ್ಟೇ. ಒದ್ದೆ ಸೆರಗು ಹಿಂಡುತ್ತಾ ಮನೆಗೆ ನಡೆದಳು.

ಮರುದಿನ ಬೆಳಗಾದಾಗ ದಿಬ್ಬ ಇರಲಿಲ್ಲ. ಅಲ್ಲಿದ್ದ ಜಾಲಿ ಗಿಡದ ನೆತ್ತಿ ಮಾತ್ರ ನೀರಿನ ಮೇಲೆ ನಡುಗುತ್ತಿತ್ತು. ಬಿಸಿಲು ನಿನ್ನೆಯಷ್ಟೇ ಚೊಕ್ಕ ಬಿದ್ದಿತ್ತು. ಸೊಸೆ ಆಗಲೇ ದಂಡೆಯ ಮೆಟ್ಟಿಲ ಮೇಲೆ ಕೂತಿದ್ದಳು. ಚಿತ್ರ ಒಂದು ಕೈಯಲ್ಲಿ, ಇನ್ನೊಂದು ಕೈಯಲ್ಲಿ ಕಡ್ಡಿ. ಯಾವ ಮೆಟ್ಟಿಲು ಯಾವಾಗ ಮುಳುಗುತ್ತದೆ ಎಂದು ಹೊಳೆಯನ್ನೂ ಚಿತ್ರವನ್ನೂ ತಾಳೆ ನೋಡುತ್ತಿದ್ದಳು. ಹರಗೋಲಿನವನು ಅವಳಿಂದ ಸ್ವಲ್ಪ ದೂರ ನಿಂತು ಅದನ್ನೇ ನೋಡುತ್ತಿದ್ದ. ತಂಗಿ ಹಟ್ಟಿಯ ಬಾಗಿಲಲ್ಲಿ ಟಗರಿನ ಮೈ ಒರೆಸುತ್ತಿದ್ದಳು, ಒರೆಸಿದ್ದನ್ನೇ ಒರೆಸುತ್ತಿದ್ದಳು. ನಾನು ಯಾರಿಗೂ ಹೇಳದೆ ಬಸ್ಸಿಗೆ ಬಂದೆ.

ದೇವದುರ್ಗ, ಅಲ್ಲಿಂದ ಸಿರವಾರ, ಅಲ್ಲಿಂದ ಮಾನ್ವಿ. ಮಾನ್ವಿಯಲ್ಲಿ ನಮ್ಮ ತಮ್ಮ ಇದ್ದಾನೆ, ಅವನದೂ ಕುರಿಯದೇ ಬಾಳುವೆ. ನಾನು ಹೋದಾಗ ಹೊತ್ತು ಏರಿತ್ತು, ರಾತ್ರಿ ಹಿಂಡು ಕಾದವನು ಆಗಷ್ಟೇ ಎದ್ದು ಹಟ್ಟಿಯ ಮುಂದೆ ಹಲ್ಲು ತಿಕ್ಕುತ್ತಿದ್ದ. ಆದದ್ದನ್ನು ಹೇಳಿದೆ. ಚಿತ್ರದ ಮಾತೂ ಹೇಳಿದೆ, ಸೊಸೆಯದು ಎಂದೂ ಹೇಳಿದೆ. ಅವನ ಹಿಂಡಿನೊಳಗೆ ಹೋಗಿ ಹೊಟ್ಟೆ ಮುಟ್ಟಿ ನೋಡಿ ಮರಿ ಇರುವ ಎರಡು ಕುರಿಗಳನ್ನು ತಂಗಿಗೆಂದು ಬೇರೆ ಮಾಡಿದೆ.

"ಕೇಳಾಕ ಬಂದಿಯೋ, ಒಯ್ಯಾಕ ಬಂದಿಯೋ ಯಕ್ಕಾ?" ಎಂದ.

"ಒಯ್ಯಾಕ."

ಅವನು ಬಾಯಿ ತೊಳೆದು ಒಂದು ಗೂಡ್ಸ್ ಆಟೋ ಕರೆಸಿದ. ಮೊದಲ ಕುರಿಯನ್ನು ಅದರ ಬಾಗಿಲ ತನಕ ಎಳೆದುಕೊಂಡು ಬಂದು ನಿಂತ.

"ಮತ್ತ ಹೊಳಿ ಬರಂಗಿಲ್ಲೇನು ಮುಂದಿನ ವರ್ಷ?"

"ಬರ್ತದ."

"ಅಕಿ ಮತ್ತ ಅದ ನಡುಗಡ್ಡಿಗೆ ಹೋಗ್ತಾಳಲ್ಲ."

"ಮತ್ತೆಲ್ಲಿ ಹೋಗ್ಬೇಕು. ಹಿಂಗಾಲು ಹಿಡಿ," ಎಂದೆ. ಅವನು ಹಿಡಿದ, ನಾನು ಮುಂಗಾಲು ಹಿಡಿದೆ, ಕುರಿಯನ್ನು ಎತ್ತಿ ಒಳಗೆ ಹಾಕಿದೆವು.